ಸೀಳಿದ ಜಲ್ಲೆಯೊಳಗಿನ ಕೆಂಪು

ಅನುಮಾನ ಬಂದ ಜಲ್ಲೆಯನ್ನು ಅಪ್ಪ ಕುಡುಗೋಲಿನಿಂದ ಉದ್ದಕ್ಕೆ ಸೀಳಿ ಮೂಸುತ್ತಿದ್ದರು. ಕೆಂಪು ತಿರುಳು, ನಡುನಡುವೆ ಅಡ್ಡ ಬಿಳಿ ಮಚ್ಚೆ, ಹುಳಿ ಹೆಂಡದ ವಾಸನೆ. ಅಂಥ ಕಬ್ಬಿನ ಹಾಲನ್ನು ಆಲೆಮನೆಯಲ್ಲಿ ಎಷ್ಟು ಕಾಯಿಸಿದರೂ ಬೆಲ್ಲ ಸರಿಯಾಗಿ ಕಟ್ಟುತ್ತಿರಲಿಲ್ಲ.

ಈ ಕೆಂಪು ಕೊಳೆ ರೋಗವನ್ನು 1893ರಲ್ಲಿ ಜಾವಾದಲ್ಲಿ ಮೊದಲು ವಿವರಿಸಿದವನು ವೆಂಟ್ ಎಂಬ ವಿಜ್ಞಾನಿ. ಕೆಲವೇ ವರ್ಷಗಳಲ್ಲಿ ಗೋದಾವರಿ ಬಯಲಿನ ರೈತರೂ ಇದರಿಂದ ಕಂಗಾಲಾದರು. ಆಗಿದ್ದ ಮುಖ್ಯ ದಾರಿ ತಳಿ ಬದಲಿಸುವುದು. 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬು ತಳಿ ಸಂಸ್ಥೆ ಹುಟ್ಟಿತು. ಆದರೆ ಈ ರೋಗ ತರುವ ಶಿಲೀಂಧ್ರವೂ ರೂಪ ಬದಲಿಸುತ್ತದೆ; ಒಂದು ಕಾಲಕ್ಕೆ ರೋಗ ತಡೆದ ತಳಿ ಮುಂದೆ ಸೋಲುತ್ತದೆ.

1932ರಲ್ಲಿ ಅಮೆರಿಕದಲ್ಲಿ ವೈಂಡ್ಲಿಂಗ್ ಎಂಬ ವಿಜ್ಞಾನಿ ಕಂಡದ್ದು ಬೇರೆಯದೇ ನೋಟ: ಮಣ್ಣಿನ ಟ್ರೈಕೋಡರ್ಮಾ ಶಿಲೀಂಧ್ರ ಬೇರೊಂದು ರೋಗದ ಶಿಲೀಂಧ್ರಕ್ಕೆ ಬಳ್ಳಿಯಂತೆ ಸುತ್ತಿಕೊಂಡು ಅದನ್ನೇ ತಿನ್ನುತ್ತಿತ್ತು. ಕಬ್ಬಿಗೂ ಶಿಲೀಂಧ್ರಕ್ಕೂ ಇಲ್ಲೂ ಒಂದು ನಂಟಿತ್ತು: ಮರುವರ್ಷ ಮಂಡ್ಯದಲ್ಲಿ ಸಕ್ಕರೆ ಕಂಪನಿ ಆರಂಭವಾಯಿತು. ಅದರ ಹಿಂದೆ ದುಡಿದ ಲೆಸ್ಲಿ ಕೋಲ್ಮನ್ ಮೈಸೂರಿಗೆ ಬಂದದ್ದೇ ಶಿಲೀಂಧ್ರ ಮತ್ತು ಕೀಟಗಳ ತಜ್ಞನಾಗಿ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ಟ್ರೈಕೋಡರ್ಮಾದ ಅರಿವು ನಮ್ಮ ಗದ್ದೆಗೆ ಬರಲು ದಶಕಗಳೇ ಹಿಡಿದವು. ಈಗ ನಾನು ಟ್ರೈಕೋಡರ್ಮಾ ಪುಡಿಯನ್ನು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಗೋಣಿಚೀಲ ಮುಚ್ಚಿಡುತ್ತೇನೆ. ಕೆಲ ದಿನಕ್ಕೆ ಹಸಿರು ಬೂಷ್ಟು ಹರಡುತ್ತದೆ; ಆಮೇಲೆ ಸಾಲಿಗೆ. ಆದರೆ ಬಿತ್ತನೆ ತುಂಡಿನೊಳಗೇ ರೋಗವಿದ್ದರೆ ಇದು ಬಿಡಿಸಲಾರದು. ಹಾಗಾಗಿ ನಾಟಿಗೆ ಮುನ್ನ ಪ್ರತಿ ತುಂಡಿನ ಕಡಿದ ತುದಿಯನ್ನು ಇವತ್ತಿಗೂ ನೋಡುತ್ತೇನೆ, ಕೆಂಪು ಕಂಡದ್ದನ್ನು ಸುಡುತ್ತೇನೆ.