ತುಂಬೆಯ ಚಿತ್ರದಲ್ಲಿ ಗೆರೆ ಮೊದಲೋ ಬಣ್ಣ ಮೊದಲೋ: ಒಂದು ಸಂಶೋಧನಾ ಟಿಪ್ಪಣಿ

ಸಣ್ಣ ಮೊನೆಯ ಮಾರ್ಕರ್ ಪೆನ್ನನ್ನೂ ಜಲವರ್ಣವನ್ನೂ ಕೂಡಿಸಿ ಗಿಡಗಳ ಚಿತ್ರ ಬರೆಯುವವರಲ್ಲಿ ಒಂದು ವಾದ ನಡೆದೇ ಇದೆ: ಗೆರೆ ಮೊದಲೋ, ಬಣ್ಣ ಮೊದಲೋ? ಅವರವರ ಕೈ ಅಭ್ಯಾಸಕ್ಕೆ ಇದನ್ನು ಬಿಟ್ಟುಬಿಡುವುದು ವಾಡಿಕೆ. ಗೋಡೆಗೆ ತೂಗುವ ಚಿತ್ರವಾದರೆ ಹಾಗೆ ಬಿಡಬಹುದು. ಆದರೆ ಗಿಡವನ್ನು ಗುರುತಿಸಲು ನೆರವಾಗಬೇಕಾದ ಚಿತ್ರದಲ್ಲಿ, ಗಿಡದ ಯಾವ ಭಾಗವನ್ನು ಬರೆಯುತ್ತಿದ್ದೇವೆ ಎಂಬುದೇ ಈ ಕ್ರಮವನ್ನು ತೀರ್ಮಾನಿಸಬೇಕು. ಒಂದೇ ಹಾಳೆಯ ಮೇಲೆ ಎರಡೂ ಕ್ರಮಗಳು ಬೇಕಾಗುತ್ತವೆ ಎಂಬುದು ಈ ಟಿಪ್ಪಣಿಯ ನಿಲುವು. ನಮ್ಮ ಹೊಲದ ಬದುಗಳಲ್ಲಿ, ರಸ್ತೆಯಂಚಿನಲ್ಲಿ ತಾನೇ ತಾನಾಗಿ ಬೆಳೆಯುವ ತುಂಬೆಯನ್ನು (ಲ್ಯೂಕಾಸ್ ಆಸ್ಪೆರಾ) ಇಲ್ಲಿ ಉದಾಹರಣೆಗೆ ತೆಗೆದುಕೊಂಡಿದೆ.

ಗೆರೆ ಮತ್ತು ಬಣ್ಣಗಳ ಕೆಲಸ ಬೇರೆಬೇರೆ ಎಂಬುದಕ್ಕೆ ದಕ್ಷಿಣ ಭಾರತದಲ್ಲೇ ಒಳ್ಳೆಯ ಸಾಕ್ಷ್ಯವಿದೆ. ಮದರಾಸಿನಲ್ಲಿ ಕೆಲಸ ಮಾಡಿದ ರಾಬರ್ಟ್ ವೈಟ್ 1838ರಿಂದ 1853ರವರೆಗೆ ಹೊರತಂದ ‘ಐಕೋನೆಸ್’ ಸಂಪುಟಗಳಲ್ಲಿ 2101 ಚಿತ್ರಫಲಕಗಳಿವೆ. ಹೆಚ್ಚುಕಡಿಮೆ ಎಲ್ಲವೂ ಬಣ್ಣವಿಲ್ಲದ ಶಿಲಾಮುದ್ರಣಗಳು. ಅದೇ ಕಾಲದಲ್ಲಿ ಆತ ಪ್ರಕಟಿಸಿದ ‘ಇಲಸ್ಟ್ರೇಶನ್ಸ್ ಆಫ್ ಇಂಡಿಯನ್ ಬಾಟನಿ’ಯ ಫಲಕಗಳಿಗೆ ಬಣ್ಣವಿದೆ. ಚಿತ್ರಗಳನ್ನು ಬರೆದವರಲ್ಲಿ ಮುಖ್ಯರಾದವರು ರಂಗಯ್ಯ ಮತ್ತು ಗೋವಿಂದು. ಗೋವಿಂದುವಿನ ಹೆಸರನ್ನು ವೈಟ್ ಒಂದು ಆರ್ಕಿಡ್ ಕುಲಕ್ಕೇ ಇಟ್ಟ. ಬಣ್ಣದ ಖರ್ಚು ಉಳಿಸಿದ್ದರಿಂದ ಐಕೋನೆಸ್‌ನಲ್ಲಿ ಅಷ್ಟೊಂದು ಗಿಡಗಳಿಗೆ ಜಾಗ ಸಿಕ್ಕಿತು. ಬಣ್ಣವಿಲ್ಲ ಎಂಬ ಕಾರಣಕ್ಕೆ ಸಸ್ಯವಿಜ್ಞಾನಿಗಳು ಅದನ್ನು ಕೈಬಿಡಲೂ ಇಲ್ಲ.

ಕರ್ನಾಟಕದ ನೆಲದಲ್ಲಿಯೂ ಇಂಥ ಕೆಲಸ ನಡೆದಿದೆ. ಹ್ಯೂ ಕ್ಲೆಗಾರ್ನ್ 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯನಾಗಿದ್ದಾಗ, ದಿನಕ್ಕೊಂದು ಗಿಡವನ್ನು ನೋಡಿ ಬರೆಯಲು ಒಬ್ಬ ಮರಾಠಿ ಚಿತ್ರಕಾರನನ್ನು ನೇಮಿಸಿಕೊಂಡಿದ್ದ. ಆ ಚಿತ್ರಗಳು ಈಗ ಎಡಿನ್‌ಬರೋ ಸಸ್ಯೋದ್ಯಾನದ ಸಂಗ್ರಹದಲ್ಲಿವೆ. ಚಿತ್ರಕಾರನ ಹೆಸರು ಉಳಿದಿಲ್ಲ. ಮಲೆನಾಡಿನ ಗಿಡಗಳನ್ನು ಅಷ್ಟು ಶ್ರದ್ಧೆಯಿಂದ ನೋಡಿದ ಕಣ್ಣು ಯಾರದೆಂದು ದಾಖಲಾಗದೆ ಹೋದದ್ದು ನಮ್ಮ ಚಿತ್ರಕಲೆಯ ಚರಿತ್ರೆಗೆ ಆದ ನಷ್ಟ ಎಂದೇ ನಾನು ಭಾವಿಸುತ್ತೇನೆ.

ಇನ್ನು ಸಾಮಗ್ರಿಯ ವಿಷಯ. ಮಾರ್ಕರ್ ಎಂದು ಅಂಗಡಿಯಲ್ಲಿ ಸಿಗುವುದೆಲ್ಲ ಈ ಕೆಲಸಕ್ಕೆ ಬರುವುದಿಲ್ಲ. ನೀರಿನಲ್ಲಿ ಕರಗುವ ಬಣ್ಣದ ಶಾಯಿಯಾದರೆ ಒದ್ದೆ ಕುಂಚ ತಗುಲಿದ ಕೂಡಲೇ ಗೆರೆ ಹರಡಿ ಹಸಿರೆಲ್ಲ ಕೊಳೆಯಾಗುತ್ತದೆ. ಸ್ಪಿರಿಟ್ ಶಾಯಿ ಕಾಗದದ ಹಿಂಬದಿಗೆ ಇಳಿಯುತ್ತದೆ. ಬೇಕಾದದ್ದು ಪಿಗ್ಮೆಂಟ್ ಶಾಯಿ: ಇಂಗಾಲದ ಅತಿಸೂಕ್ಷ್ಮ ಕಣಗಳು ಕಾಗದದ ನಾರಿಗೆ ಕಚ್ಚಿಕೊಂಡು ಒಣಗಿದರೆ ಮತ್ತೆ ನೀರಿಗೆ ಬಿಡುವುದಿಲ್ಲ, ಬಿಸಿಲಿಗೂ ಮಾಸುವುದಿಲ್ಲ. ಜಪಾನಿನ ಸಕುರಾ ಕಂಪನಿ 1982ರಲ್ಲಿ ತಂದ ಪಿಗ್ಮಾ ಶಾಯಿ ಈ ಜಾತಿಯದು. ಅದರ ಮೈಕ್ರಾನ್ ಪೆನ್ನುಗಳಲ್ಲಿ 005 ಎಂಬ ಗುರುತಿನದು 0.20 ಮಿ.ಮೀ., 01 ಎಂಬುದು 0.25 ಮಿ.ಮೀ., 03 ಎಂಬುದು 0.35 ಮಿ.ಮೀ. ಗೆರೆ ಎಳೆಯುತ್ತದೆ. ತುಂಬೆಯಂಥ ಸಣ್ಣ ಗಿಡಕ್ಕೆ ಮೊದಲೆರಡು ಸಾಕು.

ಒಣಗುವ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಜಲವರ್ಣದ ಒಳ್ಳೆಯ ಕಾಗದಕ್ಕೆ ಜೆಲಟಿನ್ ಹಚ್ಚಿರುತ್ತಾರೆ; ಅದರ ಮೇಲೆ ಶಾಯಿ ಸ್ವಲ್ಪ ಹೊತ್ತು ಇಂಗದೆ ನಿಲ್ಲುತ್ತದೆ. ಮಳೆಗಾಲದ ಗಾಳಿಯಲ್ಲಿ ಇನ್ನೂ ತಡ. ಅದೇ ಕಾಗದದ ತುಂಡಿನ ಮೇಲೆ ಒಂದು ಗೆರೆ ಎಳೆದು, ಕಾದು, ಒದ್ದೆ ಕುಂಚ ಆಡಿಸಿ ನೋಡಿದ ಮೇಲೆಯೇ ಮುಂದುವರಿಯುವುದು ಕ್ಷೇಮ. ಕಾಗದ ನುಣುಪಾದ ಹಾಟ್ ಪ್ರೆಸ್ ಆಗಿರಬೇಕು, 300 ಜಿ.ಎಸ್.ಎಂ. ತೂಕವಿದ್ದರೆ ಒದ್ದೆಯಾದಾಗ ಅಷ್ಟಾಗಿ ಉಬ್ಬುವುದಿಲ್ಲ. ತರಿತರಿ ಕಾಗದದ ಮೇಲೆ ಪೆನ್ನಿನ ನಾರಿನ ಮೊನೆ ಬೇಗ ಸವೆದು ಹರಡುತ್ತದೆ. ಬಣ್ಣದ ಮೇಲೆ ಗೆರೆ ಎಳೆಯುವಾಗ ಇನ್ನೊಂದು ತೊಡಕು: ಜಲವರ್ಣವನ್ನು ಹಿಡಿದಿಡುವುದು ಗೋಂದು. ಬಣ್ಣ ದಪ್ಪವಾಗಿದ್ದರೆ ಶಾಯಿ ನಾರನ್ನು ಮುಟ್ಟದೆ ಗೋಂದಿನ ಪದರದ ಮೇಲೆಯೇ ಕೂತುಬಿಡುತ್ತದೆ, ಪೆನ್ನಿನ ಮೊನೆಯೂ ಕಟ್ಟಿಕೊಳ್ಳುತ್ತದೆ. ಹಾಗಾಗಿ ಆಮೇಲೆ ಗೆರೆ ಬರಬೇಕಾದ ಕಡೆ ಬಣ್ಣ ತೆಳುವಾಗಿಯೇ ಇರಲಿ.

ತುಂಬೆಗೆ ಬರೋಣ. ಚೌಕಾಕಾರದ ಒರಟು ಕಾಂಡ, ಎದುರುಬದುರಾಗಿ ಹುಟ್ಟುವ ಕಿರಿದಾದ ಎಲೆಗಳು, ಗಿಣ್ಣಿನ ಸುತ್ತ ಒತ್ತಾಗಿ ಕೂತ ಬಿಳಿ ಹೂಗಳು. ಹೂವಿಗೆ ಎರಡು ತುಟಿ. ಮೇಲ್ದುಟಿ ಚಿಕ್ಕದು, ಅದರ ಮೈತುಂಬ ಉಣ್ಣೆಯಂಥ ಬಿಳಿ ರೋಮ. ಕೆಳದುಟಿ ಅದರ ಎರಡರಷ್ಟು ಉದ್ದ, ನಡುವಿನ ಹಾಲೆ ಅಗಲವಾಗಿ ಗುಂಡಗಿದೆ. ನೋಡುವವರ ಕಣ್ಣು ಹೋಗುವುದು ಇಲ್ಲಿಗೇ. ಆದರೆ ಈ ಕುಲದ ಪ್ರಭೇದಗಳನ್ನು ಬೇರ್ಪಡಿಸುವಾಗ ಸಸ್ಯವಿಜ್ಞಾನಿ ಮುಖ್ಯವಾಗಿ ಹುಡುಕುವುದು ಹೂವನ್ನು ಹೊತ್ತ ಹಸಿರು ಪುಷ್ಪಪಾತ್ರೆಯನ್ನು. ತುಂಬೆಯಲ್ಲಿ ಅದು ಸ್ವಲ್ಪ ಬಾಗಿದ ಕೊಳವೆ. ಕೆಳಗಿನರ್ಧ ತೆಳು, ನುಣುಪು. ಮೇಲಿನರ್ಧದಲ್ಲಿ ಉದ್ದುದ್ದ ಏಣುಗಳು, ಬಿರುಸು ಕೂದಲು. ಬಾಯಿ ಓರೆ, ಅದರ ಅಂಚಿನಲ್ಲಿ ಪುಟ್ಟ ತ್ರಿಕೋನದ ಹಲ್ಲುಗಳು, ಮೇಲಿನ ಹಲ್ಲು ಎಲ್ಲಕ್ಕಿಂತ ದೊಡ್ಡದು. ಇಷ್ಟೆಲ್ಲ ಒಂದು ಸೆಂಟಿಮೀಟರಿನ ಆಸುಪಾಸಿನ ಅಳತೆಯೊಳಗೆ. ಜಲವರ್ಣದ ಕುಂಚ ಇಲ್ಲಿ ಸೋಲುತ್ತದೆ: ಓರೆ ಬಾಯಿ ನೇರವಾಗಿ ಕಾಣುತ್ತದೆ, ಹಲ್ಲುಗಳು ಕಲೆಸಿಹೋಗುತ್ತವೆ. ಪುಷ್ಪಪಾತ್ರೆಗೆ, ಕಾಂಡದ ಏಣಿಗೆ, ಎಲೆಯ ಅಂಚಿಗೆ ಗೆರೆ ಮೊದಲು ಬರಬೇಕು. ಪೆನ್ಸಿಲಿನಲ್ಲಿ ತೀರ ತಿಳಿಯಾಗಿ ಗುರುತಿಸಿ, 0.20 ಮೊನೆಯಿಂದ ಎಳೆದು, ಪೂರ್ತಿ ಒಣಗಿದ ಮೇಲೆ ತೆಳು ಹಸಿರು ಹಾಯಿಸಬೇಕು. ಪೆನ್ಸಿಲನ್ನು ಬಣ್ಣಕ್ಕೆ ಮುಂಚೆಯೇ ಮೆತ್ತನೆಯ ರಬ್ಬರಿನಿಂದ ಒತ್ತಿ ತೆಗೆಯಬೇಕು. ಉಜ್ಜಿದರೆ ಶಾಯಿಯ ಕಪ್ಪೂ ಬಿಳಿಚಿಕೊಳ್ಳುತ್ತದೆ.

ಹೂವಿನ ಬಿಳಿಗೆ ಈ ಕ್ರಮ ತಿರುಗಬೇಕು. ದಳದ ಸುತ್ತ ಕಪ್ಪು ಗೆರೆ ಎಳೆದ ತಕ್ಷಣ ಗಿಡದಲ್ಲಿ ಇಲ್ಲದ ಅಂಚೊಂದನ್ನು ಇದೆ ಎಂದು ಹೇಳಿದಂತಾಗುತ್ತದೆ. ರೋಮ ತುಂಬಿದ ಮೇಲ್ದುಟಿಗಂತೂ ಗೆರೆಯಂಥ ಅಂಚೇ ಇಲ್ಲ. ಇಲ್ಲಿ ಮಾಡಬೇಕಾದದ್ದು ಹೂವಿನ ಹಿಂದೆ ಬರುವ ಎಲೆಯ ಹಸಿರನ್ನು ದಳದ ಅಂಚಿನವರೆಗೆ ತಂದು ನಿಲ್ಲಿಸುವುದು. ಹಿಂದೆ ಎಲೆ ಇಲ್ಲದ ಕಡೆ ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನಾ ಬೆರೆಸಿ ತುಂಬ ತೆಳು ಮಾಡಿದ ಬೂದು ಬಣ್ಣವನ್ನು ನೆರಳಿನ ಬದಿಗೆ ಮಾತ್ರ ಕೊಟ್ಟರೆ ಸಾಕು. ಒಣಗಿದ ಬಳಿಕ, ಹಾಲೆಗಳು ಒಂದರ ಮೇಲೊಂದು ಬರುವ ಕಡೆ, ಗಂಟಲಿನ ಆಳದಲ್ಲಿ, ಕಪ್ಪಿನ ಬದಲು ಸೆಪಿಯಾ ಪೆನ್ನಿನಿಂದ ತುಂಡು ಗೆರೆಗಳು. ರೋಮಗಳನ್ನು ಎಳೆಎಳೆಯಾಗಿ ಬರೆಯುವ ಆಸೆ ಎಷ್ಟೇ ಆದರೂ ಕಾಗದದ ಬಿಳಿಯನ್ನು ಮುಟ್ಟದೆ ಬಿಡುವುದೇ ಸರಿ.

ಗಿಡದ ಬಾಳುವಿಕೆಯೂ ಇದೇ ಕ್ರಮವನ್ನು ಒತ್ತಾಯಿಸುತ್ತದೆ. ತುಂಬೆಯ ದಳ ಮುಟ್ಟಿದರೆ ಕಳಚಿಕೊಳ್ಳುತ್ತದೆ. ಒತ್ತಿ ಒಣಗಿಸಿದ ಮಾದರಿಯಲ್ಲಿ ಅದರ ಬಿಳಿ ಕಂದಾಗುತ್ತದೆ. ಪುಷ್ಪಪಾತ್ರೆ ಹಾಗಲ್ಲ, ದಳ ಉದುರಿದ ಮೇಲೂ ಉಳಿದು ತನ್ನೊಳಗೆ ನಾಲ್ಕು ಕಿರುಕಾಯಿಗಳನ್ನು ಹೊತ್ತಿರುತ್ತದೆ. ಕೊಂಬೆ ಕೈಗೆ ಬಂದ ಕೂಡಲೇ ಹೂವಿನ ನೆರಳು, ಎಲೆಯ ಹಸಿರು ಹಾಳೆಗೆ ಇಳಿಯಬೇಕು. ಹಾಳೆಯ ಅಂಚಿನಲ್ಲಿ ಆ ಬಣ್ಣಗಳ ಮಾದರಿ ಚೌಕಗಳನ್ನೂ, ಬೆರಸಿದ ವರ್ಣಗಳ ಹೆಸರನ್ನೂ ಬರೆದಿಡಬೇಕು. ಪುಷ್ಪಪಾತ್ರೆಯ ಜಾಗವನ್ನು ಆಗ ಬಣ್ಣವಿಲ್ಲದೆ ಖಾಲಿ ಬಿಟ್ಟು, ಮಾರನೆಯ ದಿನ ಭೂತಗನ್ನಡಿಯ ಕೆಳಗೆ ಅದರ ಹಲ್ಲುಗಳನ್ನೆಣಿಸಿ ಪೆನ್ನಿನಿಂದ ಬರೆದು, ಪಕ್ಕದಲ್ಲಿ ಐದು ಮಡಿ ಹಿಗ್ಗಿಸಿದ ಚಿತ್ರವನ್ನೂ ಮಿಲಿಮೀಟರ್ ಅಳತೆಗೆರೆಯನ್ನೂ ಸೇರಿಸಬಹುದು. ಹಿಗ್ಗಿಸಿದ ಚಿತ್ರಕ್ಕೆ ಬಣ್ಣದ ಅಗತ್ಯವಿಲ್ಲ.