ಐದು ಮಿಲಿ ಆಂಪಿಯರಿನ ಲೆಕ್ಕ

ಹೋಟೆಲಿನ ಒಳಗಡೆ, ಅಂದರೆ ಅಡುಗೆಮನೆಗೆ, ನೀವು ಎಂದಾದರೂ ಹೋಗಿದ್ದರೆ ಒಂದು ಸಂಗತಿ ಕಣ್ಣಿಗೆ ಬಿದ್ದಿರಬೇಕು. ಅಲ್ಲಿ ನೆಲ ಯಾವಾಗಲೂ ಒದ್ದೆ. ಹಿಟ್ಟು ರುಬ್ಬುವವನ ಕೈಯೂ ಒದ್ದೆ. ಕಾಲಿಗೆ ಚಪ್ಪಲಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅದರ ನಡುವೆಯೇ ಗ್ರೈಂಡರು, ಮಿಕ್ಸಿ, ಫ್ರಿಜ್ಜು, ನೀರು ಕಾಯಿಸುವ ಬಾಯ್ಲರು. ಇಂಥ ಜಾಗದಲ್ಲಿ ಜೀವ ಕಾಯುವ ಒಂದು ಸಾಧನ ಹೇಗೆ ಹುಟ್ಟಿತು, ಹೋಟೆಲಿನ ಅಡುಗೆಮನೆಗೆ ಬರಲು ಅದಕ್ಕೆ ಎಷ್ಟು ಕಾಲ ಹಿಡಿಯಿತು ಎಂಬುದನ್ನು ನಿಮ್ಮ ಮುಂದಿಡುತ್ತೇನೆ.

ಫ್ಯೂಸ್ ಇದೆಯಲ್ಲ, ಮತ್ತೇನು ಬೇಕು ಎಂದು ನೀವು ಕೇಳಬಹುದು. ಫ್ಯೂಸ್ ಇರುವುದು ವೈರನ್ನು ಕಾಯಲು, ಮನುಷ್ಯನನ್ನು ಕಾಯಲು ಅಲ್ಲ. 60 ವ್ಯಾಟಿನ ಒಂದು ಬಲ್ಬು ನಮ್ಮ 230 ವೋಲ್ಟಿನಲ್ಲಿ ಎಳೆಯುವುದು ಸುಮಾರು ಕಾಲು ಆಂಪಿಯರ್. ಅದರ ಅರ್ಧಕ್ಕಿಂತ ಕಡಿಮೆ, ಅಂದರೆ ಆಂಪಿಯರಿನ ಹತ್ತನೆಯ ಒಂದು ಭಾಗ ಎದೆಯ ಮೂಲಕ ಕೆಲವು ಕ್ಷಣ ಹರಿದರೂ ಹೃದಯದ ಬಡಿತ ತಾಳ ತಪ್ಪಿ ನಿಂತುಹೋಗಬಹುದು. 15 ಆಂಪಿಯರ್ ಫ್ಯೂಸಿನ ಪಾಲಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಇನ್ನು ಮೂರು ಪಿನ್ನಿನ ಪ್ಲಗ್ಗಿನಲ್ಲಿರುವ ಅರ್ಥ್ ಪಿನ್ನು. ಭೂಮಿಯ ಸಂಪರ್ಕ ಸರಿಯಾಗಿದ್ದರೆ ಅದು ನಿಜಕ್ಕೂ ಕಾಪಾಡುತ್ತದೆ. ಆದರೆ ಪ್ಲಗ್ಗೇ ಇಲ್ಲದೆ ಎರಡು ವೈರಿನ ತುದಿಗಳನ್ನು ತೂತಿಗೆ ಸಿಕ್ಕಿಸಿ, ಬೀಳದಂತೆ ಬೆಂಕಿಕಡ್ಡಿ ತುರುಕುವ ಪದ್ಧತಿಯನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಅಲ್ಲಿ ಅರ್ಥ್ ಎಲ್ಲಿಂದ ಬರಬೇಕು?

'ಕರೆಂಟು ಹಿಡಿದುಕೊಂಡಿತು' ಎಂದು ನಮ್ಮಲ್ಲಿ ಹೇಳುತ್ತಾರೆ. ಹಿಡಿದುಕೊಳ್ಳುವುದು ಕರೆಂಟಲ್ಲ, ನಮ್ಮದೇ ಕೈ. ಕರೆಂಟು ಹರಿದಾಗ ಮುಂಗೈಯ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಬಿಡಬೇಕೆಂದರೂ ಬೆರಳು ಬಿಚ್ಚುವುದಿಲ್ಲ. ಎಷ್ಟು ಕರೆಂಟಿಗೆ ಹೀಗಾಗುತ್ತದೆ ಎಂಬುದನ್ನು ಅಳೆದವರು ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಡಾಲ್ಜಿಯಲ್. ಅವರು ತಾವಾಗಿ ಮುಂದೆ ಬಂದ 134 ಗಂಡಸರು ಮತ್ತು 28 ಹೆಂಗಸರ ಮೇಲೆ ಪ್ರಯೋಗ ನಡೆಸಿದರು. ಉಪ್ಪುನೀರಿನಲ್ಲಿ ನೆನೆದ ಕೈಯಿಂದ ತಾಮ್ರದ ತಂತಿ ಹಿಡಿಯಬೇಕು. ಕರೆಂಟನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾ ಹೋಗುವುದು. ಬಿಡಲು ಆಗುತ್ತದೋ ಇಲ್ಲವೋ ನೋಡುವುದು. ಗಂಡಸರಿಗೆ ಸರಾಸರಿ 16 ಮಿಲಿ ಆಂಪಿಯರ್, ಹೆಂಗಸರಿಗೆ ಹತ್ತೂವರೆ. ಮಿಲಿ ಆಂಪಿಯರ್ ಎಂದರೆ ಆಂಪಿಯರಿನ ಸಾವಿರದ ಒಂದು ಪಾಲು. ಆದರೆ ಸರಾಸರಿ ಹಿಡಿದು ರಕ್ಷಣೆ ಕಟ್ಟಲಾಗದು. ಸಾವಿರ ಜನರಲ್ಲಿ 995 ಮಂದಿ ಬಿಡಿಸಿಕೊಳ್ಳಬಲ್ಲ ಮಟ್ಟ ಗಂಡಸರಿಗೆ 9, ಹೆಂಗಸರಿಗೆ 6 ಎಂದು ಅವರು ಲೆಕ್ಕ ಹಾಕಿದರು. ಅಷ್ಟು ಜನ ನೋವು ಸಹಿಸಿ ಕೊಟ್ಟ ಅಂಕಿಗಳಿವು. ಕೈ ನೀಡಿದ ಆ 162 ಮಂದಿಯ ಋಣ ನಮ್ಮ ಮೇಲಿದೆ ಎಂದೇ ನನ್ನ ಭಾವನೆ.

ಆ ಹೊತ್ತಿಗೆ ಬೇರೆ ಕಡೆಯೂ ಕೆಲಸ ನಡೆದಿತ್ತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಕರೆಂಟಿನಿಂದಾಗುತ್ತಿದ್ದ ಅಪಘಾತಗಳನ್ನು ತಡೆಯಲು ಹೆನ್ರಿ ರೂಬಿನ್ ಎಂಬುವರು 1950ರ ದಶಕದ ಮಧ್ಯದಲ್ಲಿ ಸೋರಿಕೆ ಹಿಡಿಯುವ ಸಾಧನ ಮಾಡಿದರು. ಆಸ್ಟ್ರಿಯದಲ್ಲಿ ಗಾಟ್‌ಫ್ರೀಡ್ ಬೀಗೆಲ್‌ಮೈಯರ್ ಇದೇ ದಾರಿಯಲ್ಲಿದ್ದರು. ಡಾಲ್ಜಿಯಲ್ ಅವರು 1961ರ ಸುಮಾರಿಗೆ ಐದು ಮಿಲಿ ಆಂಪಿಯರಿಗೇ ಎಚ್ಚರಗೊಳ್ಳುವ ಸಾಧನವನ್ನು ರೂಪಿಸಿದರು. ಪೇಟೆಂಟು ಸಿಕ್ಕಿದ್ದು 1965ರಲ್ಲಿ.

ಇದು ಕೆಲಸ ಮಾಡುವ ಬಗೆ ಬ್ಯಾಂಕಿನಲ್ಲಿ ದುಡಿದವನಿಗೆ ಬೇಗ ಅರ್ಥವಾಗುತ್ತದೆ. ಫೇಸ್ ವೈರಿನಲ್ಲಿ ಎಷ್ಟು ಹೋಯಿತೋ ನ್ಯೂಟ್ರಲ್ ವೈರಿನಲ್ಲಿ ಅಷ್ಟೇ ಹಿಂದಕ್ಕೆ ಬರಬೇಕು. ಎರಡೂ ವೈರುಗಳು ಒಂದು ಕಬ್ಬಿಣದ ಬಳೆಯೊಳಗಿಂದ ಹಾದುಹೋಗುತ್ತವೆ. ಜಮಾ ಖರ್ಚು ಸರಿಹೊಂದಿದರೆ ಬಳೆ ಸುಮ್ಮನಿರುತ್ತದೆ. ಹೋದದ್ದಕ್ಕಿಂತ ಬಂದದ್ದು ಕಡಿಮೆಯಾದರೆ, ಅಷ್ಟು ಕರೆಂಟು ಬೇರೆಲ್ಲೋ ಸೋರಿದೆ ಎಂದರ್ಥ. ಗ್ರೈಂಡರಿನ ಮೈಯಿಂದ ಯಾರದೋ ಕೈಗೆ, ಕಾಲಿನಿಂದ ಒದ್ದೆ ನೆಲಕ್ಕೆ. ಆಗ ಬಳೆಗೆ ಸುತ್ತಿದ ಸಣ್ಣ ತಂತಿಯಲ್ಲಿ ಕರೆಂಟು ಹುಟ್ಟಿ ಸ್ವಿಚ್ಚನ್ನು ಬೀಳಿಸುತ್ತದೆ. ದೊಡ್ಡ ಸೋರಿಕೆಯಾದರೆ ಇಷ್ಟೆಲ್ಲ ಆಗುವುದು ಕಣ್ಣು ರೆಪ್ಪೆ ಮುಚ್ಚಿ ತೆರೆಯುವುದರೊಳಗೆ. ಅರ್ಥ್ ವೈರ್ ಇಲ್ಲದಿದ್ದರೂ ಇದು ಕೆಲಸ ಮಾಡುತ್ತದೆ. ಆದರೆ ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಮುಟ್ಟಿದವನನ್ನು ಇದು ಉಳಿಸಲಾರದು. ಅಲ್ಲಿ ಲೆಕ್ಕ ಸರಿಯಾಗಿಯೇ ಇರುತ್ತದೆ.

ಅಮೆರಿಕದಲ್ಲಿ ವಿದ್ಯುತ್ ಅಳವಡಿಕೆಗೆ ಒಂದು ನಿಯಮಾವಳಿ ಇದೆ. ಮೂರು ಮೂರು ವರ್ಷಕ್ಕೆ ತಿದ್ದುತ್ತಾರೆ. 1968ರಲ್ಲಿ ಈಜುಕೊಳದ ನೀರೊಳಗಿನ ದೀಪಗಳ ವಿಚಾರದಲ್ಲಿ ಈ ಸಾಧನ ಮೊದಲು ಅದರೊಳಗೆ ಬಂತು. 1975ರಲ್ಲಿ ಮನೆಗಳ ಸ್ನಾನದ ಕೋಣೆ. 1987ರಲ್ಲಿ ಮನೆ ಅಡುಗೆಮನೆಯ ತೊಟ್ಟಿಯಿಂದ ಆರು ಅಡಿಯೊಳಗಿನ ಕಟ್ಟೆ ಮೇಲಿನ ಸಾಕೆಟ್ಟುಗಳು. ಹೋಟೆಲಿನ ಅಡುಗೆಮನೆಯ ಸಾಮಾನ್ಯ ಸಾಕೆಟ್ಟುಗಳಿಗೆಲ್ಲ ಇದು ಕಡ್ಡಾಯವಾದದ್ದು 2002ರಲ್ಲಿ. ದಿನಕ್ಕೆ ಮೂರು ಸಲ ಮಿಕ್ಸರ್ ಮುಟ್ಟುವ ಮನೆಯಾಕೆಗೆ ಸಿಕ್ಕ ರಕ್ಷಣೆ, ದಿನವಿಡೀ ಒದ್ದೆಯಲ್ಲಿ ನಿಂತು ದುಡಿಯುವವನಿಗೆ ಸಿಗಲು 15 ವರ್ಷ ಬೇಕಾಯಿತು! ಹೆಚ್ಚು ಕರೆಂಟು ಎಳೆಯುವ ದೊಡ್ಡ ಉಪಕರಣಗಳ ಸಾಕೆಟ್ಟುಗಳಿಗೆ ಅದು ವಿಸ್ತರಿಸಿದ್ದು 2017ರಲ್ಲಿ.

ಮಾಲೀಕರ ಆಕ್ಷೇಪವನ್ನೂ ಹೇಳಬೇಕು. ರಾತ್ರಿ ಫ್ರಿಜ್ಜಿನ ಸಾಕೆಟ್ ಬಿದ್ದುಹೋದರೆ ಬೆಳಗಾಗುವಷ್ಟರಲ್ಲಿ ಸಾಮಾನೆಲ್ಲ ಹಾಳು. ನೀರು ಕಾಯಿಸುವ ಕಾಯಿಲ್ ಹಳೆಯದಾಗಿ ತೇವ ಹೀರಿದರೆ ಅದು ಸದಾ ತುಸು ಸೋರುತ್ತದೆ. ಈ ಆಕ್ಷೇಪ ಸುಳ್ಳಲ್ಲ. ಆದರೆ ಸೋರುವ ಯಂತ್ರವನ್ನು ರಿಪೇರಿ ಮಾಡಿಸುವ ಬದಲು ಸೋರಿಕೆ ತೋರಿಸಿದ ಸಾಧನವನ್ನೇ ಕಿತ್ತುಹಾಕುವುದು ಯಾವ ನ್ಯಾಯ?

ನಮ್ಮ ಕಡೆಗೆ ಬರೋಣ. 1955ರಲ್ಲಿ ಕೊಯಮತ್ತೂರಿನಲ್ಲಿ ಪಿ. ಸಭಾಪತಿಯವರು ಕರೆಂಟಿನ ವೆಟ್ ಗ್ರೈಂಡರ್ ಮಾಡಿದ ಮೇಲೆ, ಒರಳು ಗುಂಡು ತಿರುಗಿಸುತ್ತಿದ್ದ ತೋಳುಗಳಿಗೆ ಬಿಡುವು ಸಿಕ್ಕಿತು. ಜೊತೆಗೇ ಒದ್ದೆ ಕೈಗೂ ಕರೆಂಟಿಗೂ ನಂಟು ಬೆಳೆಯಿತು. 1956ರ ಭಾರತೀಯ ವಿದ್ಯುತ್ ನಿಯಮಗಳಿಗೆ ಆಮೇಲೆ ಸೇರಿದ 61-ಎ ನಿಯಮ, ಐದು ಕಿಲೋವ್ಯಾಟ್ ಮತ್ತು ಅದಕ್ಕೆ ಮೇಲ್ಪಟ್ಟ ಕಡೆ ಸೋರಿಕೆ ತಡೆಯುವ ಸಾಧನ ಇರಬೇಕೆಂದಿತು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಾವಳಿ ಬಂತು, 2023ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ನಮ್ಮ ಎಲೆಕ್ಟ್ರಿಷಿಯನ್ನರು ಇ.ಎಲ್.ಸಿ.ಬಿ. ಎನ್ನುವ ಡಬ್ಬಿಯ ಮೇಲೆ ಇಂದು ಆರ್.ಸಿ.ಸಿ.ಬಿ. ಎಂದು ಬರೆದಿರುತ್ತದೆ.

ಕೊಳ್ಳುವಾಗ ಮೊದಲು ಡಬ್ಬಿಯ ಮೇಲಿನ ಅಂಕಿ ನೋಡಿ. 300 ಅಥವಾ 100 ಎಂದಿದ್ದರೆ ಅದು ಬೆಂಕಿ ತಪ್ಪಿಸಲು. ಜೀವ ಉಳಿಸಲು 30 ಬೇಕು. ಅಮೆರಿಕದ ಐದಕ್ಕೂ ನಮ್ಮ ಮೂವತ್ತಕ್ಕೂ ವ್ಯತ್ಯಾಸ ಇಷ್ಟೆ: ಐದರಲ್ಲಿ ಕೈ ಬಿಡಿಸಿಕೊಳ್ಳಬಹುದು, ಮೂವತ್ತರಲ್ಲಿ ಕೈ ಹಿಡಿದುಕೊಂಡರೂ ಹೃದಯ ನಿಲ್ಲುವ ಮೊದಲೇ ಕರೆಂಟು ಕಡಿದುಹೋಗುತ್ತದೆ. ಅಮೆರಿಕದ ಸಾಕೆಟ್ಟನ್ನು ಯಾರಾದರೂ ತಂದುಕೊಟ್ಟರೆ ಇಲ್ಲಿ ಹಾಕಬೇಡಿ, ಅದು 120 ವೋಲ್ಟಿನದು. ಇಡೀ ಅಡುಗೆಮನೆಗೆ ಒಂದೇ ಹಾಕಿದರೆ ಒಂದು ಗ್ರೈಂಡರಿನ ತಪ್ಪಿಗೆ ದೀಪ, ಫ್ರಿಜ್ಜು ಎಲ್ಲ ಆರುತ್ತವೆ. ಸಿಟ್ಟಿಗೆದ್ದ ಮಾಲೀಕ ಅದನ್ನು ತಪ್ಪಿಸಿ ನೇರ ವೈರು ಎಳೆಸುತ್ತಾನೆ. ಆದ್ದರಿಂದ ಗ್ರೈಂಡರಿಗೆ ಬೇರೆ, ಬಾಯ್ಲರಿಗೆ ಬೇರೆ, ಫ್ರಿಜ್ಜಿಗೆ ಬೇರೆ ಇರಲಿ. ಪ್ರತಿಯೊಂದರ ನ್ಯೂಟ್ರಲ್ ವೈರೂ ಬೇರೆಯಾಗಿಯೇ ಇರಲಿ. ಎರಡು ಸಾಲಿನ ನ್ಯೂಟ್ರಲ್ ಒಂದಕ್ಕೊಂದು ಬೆರೆತರೆ ಸೋರಿಕೆ ಇಲ್ಲದೆಯೂ ಬೀಳುತ್ತಿರುತ್ತದೆ. ಆರ್.ಸಿ.ಸಿ.ಬಿ.ಗೆ ಸೋರಿಕೆ ಮಾತ್ರ ಗೊತ್ತು, ಹೊರೆ ಹೆಚ್ಚಾದದ್ದು ಗೊತ್ತಾಗದು, ಅದಕ್ಕೆ ಎಂ.ಸಿ.ಬಿ. ಜೊತೆಗಿರಬೇಕು. ಇಂಡಕ್ಷನ್ ಒಲೆ ಇದ್ದರೆ 'ಎ' ನಮೂನೆಯದನ್ನು ಕೇಳಿ ಪಡೆಯಿರಿ, ಎ.ಸಿ. ನಮೂನೆಯದಕ್ಕೆ ಅಂಥ ಒಲೆಯ ಸೋರಿಕೆಯೆಲ್ಲ ತಿಳಿಯುವುದಿಲ್ಲ.

ಅದರ ಮೇಲೆ 'ಟಿ' ಎಂದು ಬರೆದ ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ, ಹೋಟೆಲು ಮುಚ್ಚಿದ ಮೇಲೆ ಒತ್ತಿ ನೋಡಿ. ತಟ್ಟನೆ ಬೀಳಬೇಕು. ಬೀಳದಿದ್ದರೆ ಬದಲಾಯಿಸಿ. ಬಿದ್ದರೆ ಡಬ್ಬಿ ಸರಿಯಿದೆ ಎಂದು ಮಾತ್ರ ಅರ್ಥ, ನಿಮ್ಮ ಅರ್ಥಿಂಗ್ ಸರಿಯಿದೆ ಎಂದಲ್ಲ. ಅದನ್ನು ಎಲೆಕ್ಟ್ರಿಷಿಯನ್ ಬಂದು ಬೇರೆಯಾಗಿಯೇ ಅಳೆಯಬೇಕು.