ಅರಮನೆಯ ಕಚೇರಿಯಿಂದ ಕಲಾಶಾಲೆಯ ಉತ್ಸವಕ್ಕೆ

ಗಡಿನಾಡಿನ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಶಾಸನಗಳನ್ನು ಅರಸುತ್ತಾರೆ. ವೀರಗಲ್ಲು, ಹಳೆಯ ಕಡತ, ಊರುಗಳ ಹೆಸರು, ಕುಲಗಳ ಐತಿಹ್ಯ ಇವುಗಳ ಮೇಲೆ ಕಣ್ಣಿಡುತ್ತಾರೆ. ಅದು ಆಗಬೇಕಾದ ಕೆಲಸವೇ ಸರಿ. ಆದರೆ ವಿದ್ಯೆಯೊಂದು ಈ ನಾಡಿನಿಂದ ಆ ನಾಡಿಗೆ ಯಾರ ಸಂಗಡ ಹೋಯಿತು, ಎಲ್ಲಿ ನೆಲೆ ನಿಂತಿತು, ಯಾರ ಅನ್ನದಿಂದ ಬದುಕಿತು ಎಂಬುದೂ ಗಡಿಯ ಚರಿತ್ರೆಯ ಒಂದು ಅಧ್ಯಾಯವೆಂದೇ ನಾನು ಬಗೆದಿದ್ದೇನೆ. ಮೈಸೂರಿನ ಆಸ್ಥಾನ ವಿದ್ವಾಂಸರೊಬ್ಬರು ತೊಂಬತ್ತರ ಹೊಸ್ತಿಲಲ್ಲಿ ಮದರಾಸಿನ ಕಲಾಶಾಲೆಗೆ ಹೋಗಿ, ಅಲ್ಲಿಯ ರಂಗಕ್ಕಾಗಿ ವಾಲ್ಮೀಕಿ ರಾಮಾಯಣಕ್ಕೆ ಸಂಗೀತ ರಚಿಸಿದ ಸಂಗತಿ ಅಂಥದೊಂದು ಅಧ್ಯಾಯ. ಆ ಕಲಾಶಾಲೆ ಕಲಾಕ್ಷೇತ್ರ. ಆ ವಿದ್ವಾಂಸರು ಮೈಸೂರು ವಾಸುದೇವಾಚಾರ್ಯರು.

ಆಚಾರ್ಯರು ಹುಟ್ಟಿದ್ದು 1865ನೆಯ ಇಸವಿಯಲ್ಲಿ, ಮೈಸೂರಿನಲ್ಲಿ. ಸಂಸ್ಕೃತವನ್ನು ಮಹಾರಾಜರ ಪಾಠಶಾಲೆಯಲ್ಲಿ ಕಲಿತರು. ಸಂಗೀತದ ಮೊದಲ ಪಾಠ ವೀಣೆಯ ಪದ್ಮನಾಭಯ್ಯನವರಲ್ಲಿ ಆಯಿತು. ಹುಡುಗನ ಯೋಗ್ಯತೆಯನ್ನು ಕಂಡ ಚಾಮರಾಜೇಂದ್ರ ಒಡೆಯರು ವಿದ್ಯಾರ್ಥಿವೇತನ ಕೊಟ್ಟು ಅವರನ್ನು ಕಾವೇರಿಯ ಕೆಳದಂಡೆಗೆ, ತಿರುವಯ್ಯಾರಿಗೆ, ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಮನೆಗೆ ಕಳುಹಿಸಿದರು. ಪಟ್ಣಂ ಅವರು ಮಾನಂಬುಚಾವಡಿ ವೆಂಕಟಸುಬ್ಬಯ್ಯರ ಶಿಷ್ಯರು. ವೆಂಕಟಸುಬ್ಬಯ್ಯರು ತ್ಯಾಗರಾಜರ ಶಿಷ್ಯರು. ಹೀಗೆ ಮೈಸೂರಿನ ಬ್ರಾಹ್ಮಣ ಹುಡುಗನೊಬ್ಬ ತಮಿಳು ನೆಲದಲ್ಲಿ, ತೆಲುಗು ಸಾಹಿತ್ಯದ ಮೂಲಕ, ತ್ಯಾಗರಾಜರ ಮೂರನೆಯ ತಲೆಮಾರಿನ ಶಿಷ್ಯನಾದ. ಕರ್ಣಾಟಕ ಸಂಗೀತವೆಂಬುದು ಯಾವ ಒಂದು ಭಾಷೆಯವರ ಸೊತ್ತು ಎಂದು ಕೇಳುವವರಿಗೆ ಈ ಒಂದು ವಾಕ್ಯವನ್ನು ಎರಡು ಸಲ ಓದಿಕೊಳ್ಳಿರೆಂದು ನಾನು ಹೇಳುವುದುಂಟು.

ಗುರುಕುಲ ಮುಗಿಸಿ ಬಂದ ಆಚಾರ್ಯರು ಮೈಸೂರು ಅರಮನೆಯ ವಿದ್ವಾಂಸರಾದರು. ಮೂವರು ಅರಸರ ಕಾಲವನ್ನು ಕಂಡರು. ಅರಮನೆಯ ಸಂಗೀತದ ಕ್ರಮವೇ ಬೇರೆ. ದಸರೆಯ ಒಂಬತ್ತು ದಿನ, ವರ್ಧಂತಿ, ಅತಿಥಿಗಳು ಬಂದ ಸಂದರ್ಭ ಇವುಗಳಲ್ಲಿ ಕಚೇರಿ ನಡೆಯುತ್ತಿತ್ತು. ಕೇಳುವವರು ಅರಸರು, ಅಧಿಕಾರಿಗಳು, ಸಹ ವಿದ್ವಾಂಸರು. ವೀಣೆ ಶೇಷಣ್ಣನವರು, ಬಿಡಾರಂ ಕೃಷ್ಣಪ್ಪನವರು ಮೊದಲಾದವರಿದ್ದ ಆ ಸಭೆಯಲ್ಲಿ ಹಾಡುವುದೆಂದರೆ ಪ್ರತಿ ಸಲವೂ ಪರೀಕ್ಷೆಗೆ ಕುಳಿತಂತೆಯೇ. ಅದರಲ್ಲಿ ಗುಣವಿತ್ತು, ಸಂಶಯವಿಲ್ಲ. ಆದರೆ ಊರಿನ ಸಾಮಾನ್ಯ ಹುಡುಗನೊಬ್ಬನಿಗೆ ಆ ಬಾಗಿಲು ತೆರೆದಿತ್ತೆಂದು ಹೇಳುವ ಹಾಗಿಲ್ಲ.

ಇದೇ ಆಸ್ಥಾನದ ಇನ್ನೊಂದು ಸಂಗತಿಯನ್ನು ಗಡಿನಾಡಿನ ನಾವು ಮರೆಯಬಾರದು. ತಿರುನೆಲ್ವೇಲಿ ಸೀಮೆಯ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದರು. ಬಂದವರು ಚಾಮುಂಡೇಶ್ವರಿಯ ಅಷ್ಟೋತ್ತರದ ಒಂದೊಂದು ನಾಮಕ್ಕೆ ಒಂದೊಂದರಂತೆ 108 ಕೃತಿಗಳನ್ನು ಕನ್ನಡದಲ್ಲಿ ರಚಿಸಿದರು. ತಮಿಳು ಮನೆಮಾತಿನವರು ಮೈಸೂರಿನಲ್ಲಿ ಕುಳಿತು ಕನ್ನಡ ಕೃತಿಗಳ ಒಂದು ಮಾಲೆಯನ್ನೇ ಕಟ್ಟಿದರು. ಮೈಸೂರಿನಲ್ಲೇ ಹುಟ್ಟಿದ ವಾಸುದೇವಾಚಾರ್ಯರು ಬಹುಪಾಲು ತೆಲುಗಿನಲ್ಲಿ ಮತ್ತು ಸಂಸ್ಕೃತದಲ್ಲಿ ರಚಿಸಿದರು. ಅವರ ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಕೃತಿಯನ್ನು ಕೇಳದ ರಸಿಕರಿಲ್ಲ. ಅದನ್ನು ಕಟ್ಟಿದವರು ಕನ್ನಡಿಗರೆಂದು ತಿಳಿಯದ ರಸಿಕರು ಬಹಳ ಮಂದಿ ಇದ್ದಾರೆ.

1927ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ ಅಧಿವೇಶನದ ಜೊತೆಗೆ ಒಂದು ಸಂಗೀತ ಸಮ್ಮೇಳನ ನಡೆಯಿತು. ಅದರಿಂದ ಹುಟ್ಟಿದ್ದು ಮದರಾಸಿನ ಸಂಗೀತ ಅಕಾಡೆಮಿ. ಅದರಿಂದಲೇ ಬೆಳೆದದ್ದು ಆ ನಗರದ ಡಿಸೆಂಬರ್ ಸಂಗೀತ ಋತು. ದುಡ್ಡು ಕೊಟ್ಟು ಚೀಟಿ ಪಡೆದ ಯಾರು ಬೇಕಾದರೂ ದೊಡ್ಡ ವಿದ್ವಾಂಸರ ಗಾನವನ್ನು ಕೇಳಬಹುದೆಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ. 1935ರ ಸಮ್ಮೇಳನಕ್ಕೆ ವಾಸುದೇವಾಚಾರ್ಯರೇ ಅಧ್ಯಕ್ಷರು. 1942ರಲ್ಲಿ ಅಕಾಡೆಮಿಯವರು ‘ಸಂಗೀತ ಕಲಾನಿಧಿ’ ಬಿರುದನ್ನು ಏರ್ಪಡಿಸಿ ಹಿಂದಿನ ಅಧ್ಯಕ್ಷರಿಗೂ ಅದನ್ನು ಸಲ್ಲಿಸಿದಾಗ, ಆಚಾರ್ಯರಿಗೂ ಆ ಬಿರುದು ಬಂತು.

ಅಷ್ಟರಲ್ಲಿ ಮೈಸೂರಿನ ಕಾಲವೂ ತಿರುಗುತ್ತಿತ್ತು. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಜಯಚಾಮರಾಜೇಂದ್ರ ಒಡೆಯರು ಸಂಗೀತದಲ್ಲಿ ತಮ್ಮ ದೊಡ್ಡಪ್ಪನವರಿಗಿಂತ ಒಂದು ಹೆಜ್ಜೆ ಮುಂದೆಯೇ ಇದ್ದವರು. ಆಚಾರ್ಯರಿಂದ ಪಾಠ ಹೇಳಿಸಿಕೊಂಡು ಸ್ವತಃ ಕೃತಿರಚನೆ ಮಾಡಿದರು, ರಷ್ಯದ ಮೆಟ್ನರ್ ಎಂಬ ಪಿಯಾನೋ ವಿದ್ವಾಂಸರ ಸಂಗೀತವನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು ಹಣ ಒದಗಿಸಿದರು. ಕೊರತೆಯಾದದ್ದು ಅಭಿರುಚಿಗಲ್ಲ, ರಾಜ್ಯಕ್ಕೆ. 1947ರ ನಂತರ ಸಂಸ್ಥಾನವು ಭಾರತ ಒಕ್ಕೂಟದಲ್ಲಿ ಸೇರಿತು. ಮಹಾರಾಜರು ಮೊದಲು ರಾಜಪ್ರಮುಖರು, 1956ರಲ್ಲಿ ರಾಜ್ಯಪಾಲರು ಆದರು. ಸಂಬಳ ಕೊಟ್ಟು ಐವತ್ತು ಅರವತ್ತು ವರ್ಷ ವಿದ್ವಾಂಸರನ್ನು ಸಾಕುವ ಕ್ರಮ ಇನ್ನು ಮುಂದೆ ನಡೆಯುವಂತಿರಲಿಲ್ಲ. ಹಾಗಾದರೆ ಆ ಹೊಣೆಯನ್ನು ಯಾರು ಹೊರಬೇಕು? ಸಭೆಗಳು ಒಂದು ಸಂಜೆಯ ಸಂಭಾವನೆಯನ್ನು ಕೊಡಬಲ್ಲವು. ಮುದಿ ವಿದ್ವಾಂಸನನ್ನು ಕೂರಿಸಿಕೊಂಡು ‘ನಿಧಾನವಾಗಿ ರಚಿಸಿರಿ’ ಎನ್ನುವ ಶಕ್ತಿ ಸಭೆಗೆ ಇರುವುದಿಲ್ಲ. ಆ ಶಕ್ತಿ ಕಲಾಶಾಲೆಗೆ ಬಂತು.

ತಮಿಳುನಾಡು ಈ ವಿಷಯದಲ್ಲಿ ಮೊದಲೇ ಎಚ್ಚೆತ್ತಿತ್ತು. ಚಿದಂಬರದಲ್ಲಿ ಅಣ್ಣಾಮಲೈ ಚೆಟ್ಟಿಯಾರರು 1929ರಲ್ಲಿ ಸಂಗೀತ ಕಾಲೇಜನ್ನು ತೆರೆದರು. ಮದರಾಸಿನಲ್ಲಿ 1949ರಲ್ಲಿ ಸರಕಾರದ ಸಂಗೀತ ಕಾಲೇಜು ಹುಟ್ಟಿ ಮುಸಿರಿ ಸುಬ್ರಹ್ಮಣ್ಯ ಅಯ್ಯರ್ ಅವರು ಅದರ ಮೊದಲ ಪ್ರಾಂಶುಪಾಲರಾದರು. ಇವೆರಡರ ನಡುವಿನ ಕಾಲದಲ್ಲಿ, 1936ರಲ್ಲಿ, ಅಡಯಾರಿನ ಥಿಯಸಾಫಿಕಲ್ ಸೊಸೈಟಿಯ ತೋಪಿನಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅವರು ತಮ್ಮ ಕಲಾಶಾಲೆಯನ್ನು ಆರಂಭಿಸಿದರು. ಮೊದಲಿಗೆ ಅದಕ್ಕಿದ್ದದ್ದು ಅಂತರರಾಷ್ಟ್ರೀಯ ಕಲಾ ಅಕಾಡೆಮಿ ಎಂಬ ಭಾರವಾದ ಹೆಸರು. ಕಲಾಕ್ಷೇತ್ರವೆಂಬ ಹೆಸರು ಆಮೇಲೆ ಬಂತು. ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಿಂದ ನಾಟ್ಯ ಕಲಿತು, 1935ರಲ್ಲಿ ರಂಗವೇರಿ, ಮನೆತನದ ನಾಟ್ಯಗಾರ್ತಿಯರ ಕಲೆಯನ್ನು ಮಧ್ಯಮವರ್ಗದ ಮನೆಗಳಿಗೆ ತಂದವರು ಈಕೆ. ತಂದಾಗ ಆ ಮನೆತನದವರಿಗೆ ಆದ ನಷ್ಟದ ಮಾತೂ ಇದೆ. ಅದು ಬೇರೆಯೇ ಒಂದು ಲೇಖನದ ವಸ್ತು.

ರುಕ್ಮಿಣೀದೇವಿಯವರ ಒಂದು ಗುಣ ನಮಗೆ ಇಲ್ಲಿ ಮುಖ್ಯ: ಹಳೆಯ ವಿದ್ವಾಂಸರನ್ನು ಹುಡುಕಿ ಕರೆತಂದು ಶಾಲೆಯಲ್ಲಿ ಇರಿಸಿಕೊಂಡರು. ಟೈಗರ್ ವರದಾಚಾರ್ಯರು, ಕಾರೈಕ್ಕುಡಿ ಸಾಂಬಶಿವ ಅಯ್ಯರ್, ಬೂದಲೂರು ಕೃಷ್ಣಮೂರ್ತಿ ಶಾಸ್ತ್ರಿಗಳು, ಪಾಪನಾಶಂ ಶಿವನ್ ಇವರೆಲ್ಲ ಅಲ್ಲಿ ಪಾಠ ಹೇಳಿದವರೇ. ಟೈಗರ್ ಅವರೂ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಶಿಷ್ಯರು, ಅಂದರೆ ನಮ್ಮ ಆಚಾರ್ಯರಿಗೆ ಗುರುಬಂಧುಗಳು. ಅವರು 1950ರಲ್ಲಿ ತೀರಿಕೊಂಡರು. ಆ ದಶಕದಲ್ಲಿ ವಾಸುದೇವಾಚಾರ್ಯರು ಕಲಾಕ್ಷೇತ್ರದ ಕರೆಗೆ ಓಗೊಟ್ಟು ಅಲ್ಲಿಗೆ ಹೋದರು. ಒಂದೇ ಗುರುವಿನ ಮನೆಯ ಒಬ್ಬರು ಬಿಟ್ಟ ಕಡೆ ಇನ್ನೊಬ್ಬರು ಹಿಡಿದಂತಾಯಿತು.

ಹೋದದ್ದು ವಿಶ್ರಾಂತಿಗಾಗಿಯಲ್ಲ. ರಾಮಾಯಣವನ್ನು ಆರು ಭಾಗಗಳ ನೃತ್ಯನಾಟಕವಾಗಿ ಕಟ್ಟುವ ಯೋಜನೆ ರುಕ್ಮಿಣೀದೇವಿಯವರದು. ಮೊದಲ ಭಾಗ ‘ಸೀತಾ ಸ್ವಯಂವರ’ 1955ರಲ್ಲಿ ರಂಗಕ್ಕೆ ಬಂತು. ಆಗ ಆಚಾರ್ಯರಿಗೆ 90 ವರ್ಷ. 1960ರಲ್ಲಿ ‘ಶ್ರೀರಾಮ ವನಗಮನ’ ಮತ್ತು ‘ಪಾದುಕಾ ಪಟ್ಟಾಭಿಷೇಕ’ ಬಂದುವು. ಸಾಹಿತ್ಯ ವಾಲ್ಮೀಕಿಯದು. ಸಂಗೀತ ಬಲ್ಲವರಿಗೆ ಇದರ ಕಷ್ಟ ಥಟ್ಟನೆ ತಿಳಿಯುತ್ತದೆ. ಬಲ್ಲದವರಿಗಾಗಿ ಒಂದೆರಡು ಮಾತು ಹೇಳುತ್ತೇನೆ. ಕೃತಿಯೆಂಬುದಕ್ಕೆ ಪಲ್ಲವಿ, ಅನುಪಲ್ಲವಿ, ಚರಣ ಎಂಬ ಮೂರು ಅಂಗಗಳಿವೆ. ಹಾಡು ಹೋಗಿ ಹೋಗಿ ಮತ್ತೆ ಪಲ್ಲವಿಗೇ ಬಂದು ಸೇರುತ್ತದೆ. ಕಥೆ ಹಾಗೆ ಹಿಂದಿರುಗುವುದಿಲ್ಲ. ರಾಮನು ಬಿಲ್ಲೆತ್ತಿದ ಮೇಲೆ ಅದನ್ನು ಮತ್ತೆ ಕೆಳಗಿಟ್ಟು ಮೊದಲಿನಿಂದ ಎತ್ತಿಸುವುದಕ್ಕಾಗುತ್ತದೆಯೆ? ಅನುಷ್ಟುಪ್ ಶ್ಲೋಕವೋ ಎಂಟೆಂಟು ಅಕ್ಷರದ ನಾಲ್ಕು ಪಾದ, ಒಟ್ಟು 32 ಅಕ್ಷರ. ಸಾವಿರ ಶ್ಲೋಕಕ್ಕೂ ಅದೇ ಅಳತೆ. ರಾಗ ಬದಲಾಗದಿದ್ದರೆ ಕೇಳುವವನಿಗೆ ತೂಕಡಿಕೆ. ಅತಿಯಾಗಿ ಬದಲಾದರೆ ರಾಗಮಾಲಿಕೆಯ ಪ್ರದರ್ಶನವಾಗಿ ರಾಮನು ಮರೆಯಾಗುತ್ತಾನೆ. ಅದರ ಮೇಲೆ, ಹಾಡುವವನ ಇಚ್ಛೆಯಂತೆ ಹಿಗ್ಗಿಸುವ ಸ್ವಾತಂತ್ರ್ಯವೂ ಇಲ್ಲ. ರಂಗದ ಮೇಲಿನ ಹೆಜ್ಜೆಗೆ ಹೊಂದಿಕೊಂಡು ಹಾಡು ನಡೆಯಬೇಕು. ಎಪ್ಪತ್ತು ವರ್ಷ ಕಚೇರಿಯ ಕೃತಿಗಳಲ್ಲಿ ನುರಿತ ಕೈ, ತೊಂಬತ್ತರಲ್ಲಿ ಈ ಹೊಸ ಕಟ್ಟಡಕ್ಕೆ ಬಗ್ಗಿತು. ಇದನ್ನು ನಾನು ಅವರ ಇಳಿವಯಸ್ಸಿನ ಒಂದು ಅಲಂಕಾರವೆಂದು ಎಣಿಸುವುದಿಲ್ಲ. ಸಂಸ್ಕೃತವನ್ನು ಪಾಠಶಾಲೆಯಲ್ಲಿ ಕ್ರಮವಾಗಿ ಓದಿದ, ಪದವಿಭಾಗ ತಪ್ಪದೆ ರಾಗ ಹಾಕಬಲ್ಲ ವಾಗ್ಗೇಯಕಾರರು ಆ ಹೊತ್ತಿಗೆ ಎಷ್ಟು ಮಂದಿ ಉಳಿದಿದ್ದರು?

ಕಲಾಕ್ಷೇತ್ರದಲ್ಲಿ ಡಿಸೆಂಬರ್ ಕೊನೆಯಿಂದ ಜನವರಿಯ ಮೊದಲ ದಿನಗಳವರೆಗೆ ವಾರ್ಷಿಕ ಕಲೋತ್ಸವ ನಡೆಯುತ್ತದೆ. ಹಾಡುಗಾರಿಕೆ, ವಾದ್ಯಕಚೇರಿ, ನಾಟ್ಯ, ನೃತ್ಯನಾಟಕ ಎಲ್ಲವೂ ಉಂಟು. ನಗರದ ಇತರ ಸಭೆಗಳ ಉತ್ಸವಕ್ಕೂ ಇದಕ್ಕೂ ಇರುವ ಅಂತರ ಉಪಾಧ್ಯಾಯರಾದ ನಮ್ಮ ಕಣ್ಣಿಗೆ ಬೀಳಬೇಕಾದದ್ದು. ಗುರುಕುಲದಲ್ಲಿ ಶಿಷ್ಯನು ಗುರುವಿನ ಹಿಂದೆ ತಂಬೂರಿ ಹಿಡಿದು ಕೂರುತ್ತಿದ್ದ. ಪಾಠಕ್ಕಿಂತ ಹೆಚ್ಚಾಗಿ ಕೇಳಿಕೆಯಿಂದಲೇ ವಿದ್ಯೆ ಇಳಿಯುತ್ತಿತ್ತು. ಕಾಲೇಜು ಬಂದಾಗ ವೇಳಾಪಟ್ಟಿಯೂ ಬಂತು. ಮುಕ್ಕಾಲು ಗಂಟೆಯ ತರಗತಿ, ಗಂಟೆ ಹೊಡೆದೊಡನೆ ತೋಡಿರಾಗ ಅರ್ಧಕ್ಕೆ ನಿಂತು ಮೃದಂಗದ ಪಾಠ ಮೊದಲು! ತರಬೇತಿ ಕಾಲೇಜುಗಳಲ್ಲಿ ಪಾಠಯೋಜನೆ ಬರೆದು ಕೈ ನೊಂದ ನಮ್ಮಂಥವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಲಾಶಾಲೆಯ ಆವರಣದಲ್ಲೇ ನಡೆಯುವ ಕಚೇರಿಗಳ ಸಾಲು ಈ ನಷ್ಟವನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ. ವಿದ್ಯಾರ್ಥಿಯು ಬೆಳಗ್ಗೆ ಪಾಠ ಹೇಳಿದ ಗುರುವನ್ನೇ ಸಂಜೆ ರಂಗದ ಮೇಲೆ ಕೇಳುತ್ತಾನೆ. ಮರುವರ್ಷ ತಾನೂ ಹಿಮ್ಮೇಳದಲ್ಲಿ ಕುಳಿತಿರುತ್ತಾನೆ. ಹೀಗಾದಾಗ ಉತ್ಸವವೂ ಪಠ್ಯದ ಒಂದು ಭಾಗವಾಗುತ್ತದೆ. ನಮ್ಮ ಪ್ರೌಢಶಾಲೆಗಳ ವಾರ್ಷಿಕೋತ್ಸವಗಳನ್ನು ಇದರ ಪಕ್ಕದಲ್ಲಿ ಇಟ್ಟು ನೋಡಲು ನನಗೆ ಧೈರ್ಯವಿಲ್ಲ.

ಭಾಷೆಯ ಮಾತನ್ನು ತೆಗೆಯದೆ ಗಡಿನಾಡಿನ ಸಂಚಿಕೆಯಲ್ಲಿ ಯಾವ ಲೇಖನವೂ ಮುಗಿಯದು. ಕಚೇರಿಯಲ್ಲಿ ಯಾವ ಭಾಷೆಯನ್ನು ಹಾಡಬೇಕೆಂಬ ವಾದವೂ ಒಂದು ಕಲಾಶಾಲೆಯ ಸುತ್ತಲೇ ಬಿಸಿಯಾಯಿತು. 1941ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ನಡೆದ ಸಮ್ಮೇಳನದಿಂದ ತಮಿಳಿಶೈ ಚಳವಳಿ ಬಲಗೊಂಡಿತು. 1943ರಲ್ಲಿ ಮದರಾಸಿನಲ್ಲಿ ಅದರದೇ ಸಂಘ ಹುಟ್ಟಿ ಬೇರೊಂದು ಉತ್ಸವ ಶುರುವಾಯಿತು. ತಮ್ಮ ನಾಡಿನಲ್ಲಿ ತಮ್ಮ ಭಾಷೆಯ ಹಾಡು ಕಚೇರಿಯ ಕೊನೆಯ ‘ತುಕ್ಕಡ’ ಮಾತ್ರವಾಗಬಾರದೆಂದು ಅವರು ಕೇಳಿದ್ದು ನ್ಯಾಯವೇ. ಕನ್ನಡಿಗರಿಗೂ ಅದೇ ಅಳಲಿದೆ. ಪುರಂದರದಾಸರು ಹಾಕಿಕೊಟ್ಟ ಮಾಯಾಮಾಳವಗೌಳದ ಸರಳೆವರಸೆಯಿಂದ, ಅವರ ಮಲಹರಿ ಗೀತೆಗಳಿಂದ ಪಾಠವನ್ನಾರಂಭಿಸದ ಶಿಷ್ಯನು ತಮಿಳುನಾಡಿನಲ್ಲೂ ಇಲ್ಲ, ಆಂಧ್ರದಲ್ಲೂ ಇಲ್ಲ. ಆದರೆ ಅವರ ಪದಗಳಿಗೆ ಕಚೇರಿಯಲ್ಲಿ ದೊರೆತ ಸ್ಥಳ ಬಹುಕಾಲ ಸಣ್ಣದಾಗಿಯೇ ಇತ್ತು. ಆ ಪದಗಳನ್ನು ತಮಿಳು ರಸಿಕರ ಬಾಯಲ್ಲಿ ನಿಲ್ಲಿಸಿದವರಲ್ಲಿ ಮದರಾಸಿನ ಎಂ.ಎಲ್. ವಸಂತಕುಮಾರಿಯವರದು ದೊಡ್ಡ ಹೆಸರು.

ಹಾಗೆಂದು ವಾಸುದೇವಾಚಾರ್ಯರನ್ನು ‘ಕನ್ನಡದಲ್ಲಿ ಬರೆಯಲಿಲ್ಲ’ ಎಂದು ನಮ್ಮ ಪಟ್ಟಿಯಿಂದ ಹೊರಗಿಡುವುದನ್ನು ನಾನು ಒಪ್ಪಲಾರೆ. ಹಾಡನ್ನು ಅವರು ಗುರುಪರಂಪರೆಯ ಭಾಷೆಯಲ್ಲಿ ಕಟ್ಟಿದರು. ತಮ್ಮ ಬಾಳನ್ನೂ ತಾವು ಕಂಡ ವಿದ್ವಾಂಸರನ್ನೂ ನೆನೆದು ಬರೆಯುವಾಗ ಕನ್ನಡಕ್ಕೆ ಬಂದರು. ‘ನೆನಪುಗಳು’, ‘ನಾ ಕಂಡ ಕಲಾವಿದರು’ ಎಂಬ ಆ ಎರಡು ಪುಸ್ತಕಗಳು ಕನ್ನಡದಲ್ಲಿ ಇಲ್ಲದಿದ್ದರೆ ಆ ಕಾಲದ ಸಂಗೀತಗಾರರ ನಡೆನುಡಿ, ಜಂಭ, ಔದಾರ್ಯ ಇವೆಷ್ಟೋ ನಮಗೆ ತಿಳಿಯುತ್ತಲೇ ಇರಲಿಲ್ಲ. ಶಾಲೆಯ ಗ್ರಂಥಭಂಡಾರಕ್ಕೆ ಪುಸ್ತಕ ಆರಿಸುವವರು ಇವನ್ನು ಮರೆಯದಿರಲಿ.

ಒಬ್ಬರ ಭಾಷೆಯವರು ಇನ್ನೊಬ್ಬರ ಮನೆಯ ಸಂಗೀತವನ್ನು ನಡೆಸಿಕೊಡುವುದು ನಮ್ಮ ನೀಲಗಿರಿಗೂ ಹೊಸದಲ್ಲ. ಸೋಲೂರಿನ ಸಮೀಪದಲ್ಲೇ ಕೋತರ ಊರಿದೆ. ಬಡಗರ ಮನೆಯ ಸಾವಿನ ಕ್ರಿಯೆಗಳಿಗೆ ಕೋತರು ಬಂದು ಊದಿ ಬಾರಿಸುವುದು ತಲೆತಲಾಂತರದಿಂದ ನಡೆದು ಬಂದಿತ್ತು; 1930ರ ದಶಕದಿಂದ ಬಡಗರಲ್ಲಿ ಸುಧಾರಣೆಯ ಗಾಳಿ ಬೀಸಿ ಅದು ಕಡಿಮೆಯಾಗುತ್ತ ಬಂತು. ನುಡಿ ಬೇರೆ, ಕುಲ ಬೇರೆ, ಆದರೂ ವಾದ್ಯ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಿತ್ತು. 1799ರವರೆಗೆ ಮೈಸೂರಿನ ಕೈಯಲ್ಲಿದ್ದ ಈ ಬೆಟ್ಟಗಳು ಆಮೇಲೆ ಕುಂಪಣಿಯವರ ಪಾಲಾಗಿ ಮದರಾಸಿಗೆ ಸೇರಿದುವು. ಮೈಸೂರಿನ ಅರಸರಾದರೋ ಬೇಸಗೆಗೆ ಉದಕಮಂಡಲದ ಫರ್ನ್‌ಹಿಲ್ ಅರಮನೆಗೆ ಬರುವುದನ್ನು ಬಿಡಲಿಲ್ಲ. ಆಚಾರ್ಯರ ಶಿಷ್ಯರಾದ ಜಯಚಾಮರಾಜೇಂದ್ರ ಒಡೆಯರೇ 1964ರಿಂದ 1966ರವರೆಗೆ ಮದರಾಸಿನ ರಾಜ್ಯಪಾಲರಾಗಿದ್ದರು. ಅದಕ್ಕೂ ಮೊದಲು, 1962ರಲ್ಲಿ, ಸಂಗೀತ ಅಕಾಡೆಮಿಯ ಹೊಸ ಸಭಾಂಗಣವನ್ನು ಉದ್ಘಾಟಿಸಿದವರೂ ಅವರೇ.

ಮೈಸೂರು ಈ ದಾರಿಗೆ ತಡವಾಗಿ ಬಂತು. ಅಲ್ಲಿಯ ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜು ಹುಟ್ಟಿದ್ದು 1965ರಲ್ಲಿ. ಜಟ್ಟಿ ತಾಯಮ್ಮನವರ ಶಿಷ್ಯೆ, ಅರಮನೆಯ ನಾಟ್ಯವಿದುಷಿ ವೆಂಕಟಲಕ್ಷಮ್ಮನವರು ಅಲ್ಲಿ ನಾಟ್ಯದ ಅಧ್ಯಾಪಕರಾದರು. ಅರಮನೆಯ ಕಲಾವಿದರು ಕಾಲೇಜಿನ ಹಾಜರಿ ಪುಸ್ತಕಕ್ಕೆ ರುಜು ಹಾಕುವ ಕಾಲ ಕೊನೆಗೂ ತವರಿನಲ್ಲೇ ಬಂದಿತು. ಅದು ಹದಿನೈದು ವರ್ಷ ಮೊದಲೇ ಆಗಿದ್ದರೆ ಆಚಾರ್ಯರು ಅಡಯಾರಿಗೆ ಹೋಗುತ್ತಿದ್ದರೋ ಇಲ್ಲವೋ!

1959ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಭೂಷಣವನ್ನು ಕೊಟ್ಟಿತು. 1961ರ ಮೇ 17ರಂದು, 96 ತುಂಬಲು ಹನ್ನೊಂದು ದಿನವಿರುವಾಗ, ಆಚಾರ್ಯರು ತೀರಿಕೊಂಡರು. ರಾಮಾಯಣದ ಕೆಲಸ ಇನ್ನೂ ಮುಗಿದಿರಲಿಲ್ಲ. ಅವರ ಜೊತೆಯಲ್ಲಿದ್ದು ಕಲಿತ ಮೊಮ್ಮಗ ಎಸ್. ರಾಜಾರಾಮ್ ಅವರು ಉಳಿದ ಸಂಗೀತವನ್ನು ಪೂರೈಸಿಕೊಟ್ಟರು. ‘ಶಬರೀ ಮೋಕ್ಷ’ 1965ರಲ್ಲಿ, ‘ಚೂಡಾಮಣಿ ಪ್ರದಾನ’ 1968ರಲ್ಲಿ, ಕೊನೆಯ ‘ಮಹಾ ಪಟ್ಟಾಭಿಷೇಕ’ 1970ರಲ್ಲಿ ರಂಗವನ್ನು ಕಂಡುವು. ರಾಜಾರಾಮ್ ಅವರು ಮುಂದೆ ಕಲಾಕ್ಷೇತ್ರದ ಮುಖ್ಯಸ್ಥರೂ ಆದರು. 1993ರಲ್ಲಿ ಪಾರ್ಲಿಮೆಂಟು ಆ ಸಂಸ್ಥೆಗೆ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ಈಗ ತಿರುವಾನ್ಮಿಯೂರಿನಲ್ಲಿರುವ ಅದರ ರಂಗದ ಮೇಲೆ ಆ ರಾಮಾಯಣದ ಭಾಗಗಳನ್ನು ಹೊಸ ಹೊಸ ವಿದ್ಯಾರ್ಥಿಗಳು ಕಲಿತು ಆಡುತ್ತಲೇ ಬಂದಿದ್ದಾರೆ.